ಅಲಬಾಮಾ: ಬತ್ತಿದ ಕಡಲಿನ ಅಂಚಿನಲ್ಲಿ ಬೆಳೆದ ರಾಜ್ಯ

ಅಮೆರಿಕದ ಅಲಬಾಮಾ ರಾಜ್ಯದ ರಾಜಧಾನಿ ಮಾಂಟ್ಗಮರಿ. ಅಲ್ಲಿ ಡೆಕ್ಸ್ಟರ್ ಅವೆನ್ಯೂ ಎಂಬ ಅಗಲವಾದ ಬೀದಿಯೊಂದಿದೆ. ಒಂದು ತುದಿಯಲ್ಲಿ ಹಳೆಯ ಕಾರಂಜಿ, ಇನ್ನೊಂದು ತುದಿಯ ದಿಬ್ಬದ ಮೇಲೆ ಬಿಳಿ ಗುಮ್ಮಟದ ಶಾಸನಸಭಾ ಭವನ. ನಿಧಾನವಾಗಿ ನಡೆದರೂ ಕಾಲು ಗಂಟೆಯ ದಾರಿ. ಕಾರಂಜಿ ಇರುವ ಕೋರ್ಟ್ ಸ್ಕ್ವೇರ್ ಎಂಬ ವೃತ್ತದಲ್ಲಿ 19ನೇ ಶತಮಾನದಲ್ಲಿ ಮನುಷ್ಯರನ್ನು ನಿಲ್ಲಿಸಿ ಹರಾಜು ಕೂಗುತ್ತಿದ್ದರು. ಪಕ್ಕದ ಕಟ್ಟಡದಿಂದ 1861ರ ಏಪ್ರಿಲ್‌ನಲ್ಲಿ ಹೊರಟ ತಂತಿ ಸಂದೇಶ ಅಂತರ್ಯುದ್ಧದ ಮೊದಲ ಗುಂಡು ಹಾರಲು ಅಪ್ಪಣೆ ಕೊಟ್ಟಿತು. ತೊಂಬತ್ನಾಲ್ಕು ವರ್ಷಗಳ ಬಳಿಕ, 1955ರ ಡಿಸೆಂಬರ್ 1ರ ಸಂಜೆ, ಹೊಲಿಗೆ ಕೆಲಸ ಮುಗಿಸಿದ ರೋಸಾ ಪಾರ್ಕ್ಸ್ ಮನೆಗೆ ಹೋಗಲು ಬಸ್ ಹತ್ತಿದ್ದು ಇದೇ ವೃತ್ತದಲ್ಲಿ.

ಬೀದಿಯಲ್ಲಿ ಮೇಲೆ ಹೋದರೆ ಬಲಕ್ಕೆ ಕೆಂಪು ಇಟ್ಟಿಗೆಯ ಪುಟ್ಟ ಚರ್ಚ್ ಸಿಗುತ್ತದೆ. ಮಾರ್ಟಿನ್ ಲೂಥರ್ ಕಿಂಗ್ 1954ರಿಂದ 1960ರವರೆಗೆ ಪಾದ್ರಿಯಾಗಿದ್ದ ಚರ್ಚ್ ಅದು. ಅದರ ಬಾಗಿಲಲ್ಲಿ ನಿಂತರೆ ಶಾಸನಸಭೆಯ ಮೆಟ್ಟಿಲು ಕಾಣುತ್ತದೆ. ಗುಲಾಮಗಿರಿ ಉಳಿಯಲೆಂದು ಒಕ್ಕೂಟದಿಂದ ಸಿಡಿದು ಹೋದ ದಕ್ಷಿಣದ ರಾಜ್ಯಗಳ ಅಧ್ಯಕ್ಷನಾಗಿ ಜೆಫರ್ಸನ್ ಡೇವಿಸ್ 1861ರ ಫೆಬ್ರವರಿ 18ರಂದು ಪ್ರಮಾಣವಚನ ತೆಗೆದುಕೊಂಡದ್ದು ಅಲ್ಲೇ. ಕರಿಯರನ್ನು ಎಂದೆಂದಿಗೂ ಬೇರೆಯಾಗಿಯೇ ಇಡುತ್ತೇವೆಂದು ಗವರ್ನರ್ ಜಾರ್ಜ್ ವಾಲೇಸ್ 1963ರಲ್ಲಿ ಅಬ್ಬರಿಸಿದ್ದೂ ಅಲ್ಲೇ. ಎರಡು ವರ್ಷ ಕಳೆಯುವಷ್ಟರಲ್ಲಿ ಮತದಾನದ ಹಕ್ಕು ಕೇಳುತ್ತ ಸೆಲ್ಮಾ ಎಂಬ ಊರಿನಿಂದ ನಡೆದು ಬಂದ ಜನ ಅದೇ ಮೆಟ್ಟಿಲ ಮುಂದೆ ಸೇರಿದರು. ಅವರ ಸಂಖ್ಯೆ ಸುಮಾರು 25,000.

ಒಂದೇ ಬೀದಿಯ ಮೇಲೆ ಇಷ್ಟೊಂದು ಇತಿಹಾಸ ಬಂದು ಬಿದ್ದದ್ದೇಕೆ? ರಾಜಧಾನಿ 1846ರಲ್ಲಿ ಟಸ್ಕಲೂಸಾ ಊರನ್ನು ಬಿಟ್ಟು ಮಾಂಟ್ಗಮರಿಗೆ ಬಂದಾಗ ಹಣ ಮತ್ತು ಅಧಿಕಾರ ಎರಡೂ ಈ ಕಡೆಗೆ ವಾಲಿದ್ದವು. ಹಣ ಹುಟ್ಟುತ್ತಿದ್ದುದು ಹತ್ತಿಯಿಂದ, ಹತ್ತಿ ಬೆಳೆಯುತ್ತಿದ್ದುದು ಕಪ್ಪು ಮಣ್ಣಿನಲ್ಲಿ. ಆ ಮಣ್ಣಿನ ಕಥೆ ಶುರುವಾಗುವುದು ಡೈನೋಸಾರುಗಳ ಕಾಲದಲ್ಲಿ.

ಬೆಟ್ಟದ ಬಾಲ, ಕಡಲಿನ ತಳ

ಅಲಬಾಮಾದ ವಿಸ್ತೀರ್ಣ ಸುಮಾರು 1,35,800 ಚದರ ಕಿಲೋಮೀಟರ್, ಎಂದರೆ ಕರ್ನಾಟಕಕ್ಕಿಂತ ಸಾಕಷ್ಟು ಚಿಕ್ಕದು. 2020ರ ಜನಗಣತಿಯ ಪ್ರಕಾರ ಅಲ್ಲಿರುವವರು 50 ಲಕ್ಷ ಚಿಲ್ಲರೆ. ಉತ್ತರಕ್ಕೆ ಟೆನೆಸಿ, ಪೂರ್ವಕ್ಕೆ ಜಾರ್ಜಿಯಾ, ಪಶ್ಚಿಮಕ್ಕೆ ಮಿಸಿಸಿಪ್ಪಿ. ದಕ್ಷಿಣದಲ್ಲಿ ಫ್ಲಾರಿಡಾ ಅಡ್ಡ ಬಂದು ಸಮುದ್ರವನ್ನು ಬಹುಪಾಲು ಮುಚ್ಚಿಬಿಟ್ಟಿದೆ. ಮೆಕ್ಸಿಕೊ ಕೊಲ್ಲಿಯ ಕಡೆಗೆ ಅಲಬಾಮಾಕ್ಕೆ ಉಳಿದಿರುವ ಕರಾವಳಿ 85 ಕಿಲೋಮೀಟರ್ ಮಾತ್ರ.

ರಾಜ್ಯವನ್ನು ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತ ಬಂದರೆ ನೆಲ ಪಟ್ಟೆ ಪಟ್ಟೆಯಾಗಿ ಬದಲಾಗುತ್ತದೆ. ಮೊದಲು ಟೆನೆಸಿ ನದಿಯ ಬಯಲು. ಆಮೇಲೆ ಅಪಲೇಚಿಯನ್ ಪರ್ವತ ಸಾಲಿನ ಬಾಲ. ಅದರಲ್ಲೇ ಇರುವ ಚೀಹಾ ಬೆಟ್ಟ, 735 ಮೀಟರ್, ರಾಜ್ಯದ ಅತ್ಯಂತ ಎತ್ತರದ ಜಾಗ. ಗಟ್ಟಿ ಬಂಡೆಯ ಈ ನೆಲ ಮುಗಿದು ಮೆತ್ತನೆಯ ಬಯಲು ಶುರುವಾಗುವ ಕಡೆ ನದಿಗಳು ಪುಟ್ಟ ಅಬ್ಬಿಗಳಾಗಿ ಧುಮುಕುತ್ತವೆ. ಕೊಲ್ಲಿಯಿಂದ ಮೇಲೇರುವ ಹಡಗು ಆಗ ಅಲ್ಲಿಗೆ ನಿಲ್ಲಲೇಬೇಕಿತ್ತು. ಟಸ್ಕಲೂಸಾ ಮತ್ತು ಮಾಂಟ್ಗಮರಿ ಪಕ್ಕದ ವಿಟಂಪ್ಕಾ ಹುಟ್ಟಿದ್ದು ಈ ಗೆರೆಯ ಮೇಲೆ.

ಗೆರೆಯ ಕೆಳಗಿನ ನಾಡು ಸುಮಾರು ಎಂಟು ಕೋಟಿ ವರ್ಷಗಳ ಹಿಂದೆ ಬೆಚ್ಚಗಿನ, ಆಳವಿಲ್ಲದ ಕಡಲಾಗಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಜೀವಿಗಳು ಅದರಲ್ಲಿ ಕೋಟಿಗಟ್ಟಲೆ ಇದ್ದವು. ಅವು ಸತ್ತಾಗ ಅವುಗಳ ಸುಣ್ಣದ ಕವಚ ತಳಕ್ಕೆ ಇಳಿದು, ಪದರ ಪದರವಾಗಿ ಕೂತು, ಸೀಮೆಸುಣ್ಣದಂಥ ಬೆಳ್ಳನೆಯ ಬಂಡೆಯಾಯಿತು. ಕಡಲು ಹಿಂದೆ ಸರಿದ ಮೇಲೆ ಆ ಬಂಡೆ ಗಾಳಿ ಮಳೆಗೆ ಸವೆದು, ಹುಲ್ಲು ಬೆಳೆದು ಕೊಳೆತು, ಮೇಲೊಂದು ಕಪ್ಪನೆಯ ಜೇಡಿಮಣ್ಣಿನ ಪದರ ಕಟ್ಟಿಕೊಂಡಿತು. ರಾಜ್ಯದ ನಡುವೆ ಅಡ್ಡಲಾಗಿ ಬಿಲ್ಲಿನಂತೆ ಬಾಗಿರುವ ಸುಮಾರು 40 ಕಿಲೋಮೀಟರ್ ಅಗಲದ ಈ ಪಟ್ಟಿಯನ್ನು ಬ್ಲ್ಯಾಕ್ ಬೆಲ್ಟ್ ಎನ್ನುತ್ತಾರೆ. ಸೆಲ್ಮಾ ಊರಿನ ಸುತ್ತಮುತ್ತ ಹಳ್ಳ ಕೊರೆದ ದಂಡೆಗಳಲ್ಲಿ ಇವತ್ತಿಗೂ ಸಿಂಪಿಯ ಚಿಪ್ಪು, ಶಾರ್ಕಿನ ಹಲ್ಲು, ದೈತ್ಯ ಕಡಲ ಉರಗಗಳ ಎಲುಬು ಸಿಗುತ್ತವೆ. ಊರಿಂದ ಸಮುದ್ರ ಇನ್ನೂರು ಕಿಲೋಮೀಟರ್ ದೂರ.

ಧಾರವಾಡ, ಗದಗ ಕಡೆಯ ರೈತರಿಗೆ ಈ ಮಣ್ಣಿನ ಸ್ವಭಾವ ಬಿಡಿಸಿ ಹೇಳಬೇಕಿಲ್ಲ. ಎರೆ ಭೂಮಿಯ ಹಾಗೆಯೇ ಮಳೆ ಬಂದರೆ ಕಾಲಿಗೆ ಅಂಟಿ ಬಿಡದು, ಬೇಸಿಗೆಯಲ್ಲಿ ಬಾಯಿ ಬಿಟ್ಟು ಬಿರಿಯುತ್ತದೆ. ನಮ್ಮ ಎರೆ ಬಹುಪಾಲು ಜ್ವಾಲಾಮುಖಿಯ ಕಲ್ಲು ಸವೆದು ಆದದ್ದು, ಅವರದು ಕಡಲ ಸುಣ್ಣ ಸವೆದು ಆದದ್ದು. ಹುಟ್ಟು ಬೇರೆಯಾದರೂ ಎರಡಕ್ಕೂ ಒಗ್ಗಿದ ಬೆಳೆ ಹತ್ತಿ.

ನೆಲ ಕೈ ಬದಲಾಯಿಸಿದ ಬಗೆ

ಹತ್ತಿ ಬರುವ ಮುಂಚೆ ಈ ನೆಲ ಖಾಲಿ ಇರಲಿಲ್ಲ. ಬ್ಲ್ಯಾಕ್ ವಾರಿಯರ್ ನದಿಯ ದಂಡೆಯ ಮೌಂಡ್‌ವಿಲ್‌ನಲ್ಲಿ ಸುಮಾರು ಸಾವಿರ ವರ್ಷಗಳ ಹಿಂದೆ ಮೆಕ್ಕೆಜೋಳ ಬೆಳೆಯುವ ಜನ ದೊಡ್ಡ ಪಟ್ಟಣ ಕಟ್ಟಿದ್ದರು. ಬುಟ್ಟಿಯಲ್ಲಿ ಮಣ್ಣು ಹೊತ್ತು ಎಬ್ಬಿಸಿದ, ತಲೆ ಚಪ್ಪಟೆಯಾದ ಮಣ್ಣಿನ ದಿಬ್ಬಗಳನ್ನು ಅಲ್ಲಿ ಇಂದಿಗೂ ನೋಡಬಹುದು. 1540ರಲ್ಲಿ ಚಿನ್ನ ಹುಡುಕುತ್ತ ಬಂದ ಸ್ಪೇನಿನ ಎರ್ನಾಂಡೊ ಡಿ ಸೊಟೊನ ದಂಡಿಗೂ ಸ್ಥಳೀಯ ದೊರೆ ಟಸ್ಕಲೂಸಾನಿಗೂ ಮಬೀಲಾ ಎಂಬ ಕೋಟೆಯೂರಿನಲ್ಲಿ ಘೋರ ಕಾಳಗವಾಯಿತು. ಆ ದೊರೆಯ ಹೆಸರು ಇಂದು ಒಂದು ನಗರದ್ದು; ಆ ಕೋಟೆಯ ಹೆಸರು ಮೊಬೀಲ್ ಎಂದಾಗಿ ಒಂದು ನದಿ, ಒಂದು ಕೊಲ್ಲಿ ಮತ್ತು ಒಂದು ಬಂದರಿಗೆ ಉಳಿದಿದೆ. ಮೊಬೀಲನ್ನು ಫ್ರೆಂಚರು 1702ರಲ್ಲಿ ಸ್ಥಾಪಿಸಿದರು. ಅದು ಮುಂದೆ ಬ್ರಿಟಿಷರಿಗೆ, ಸ್ಪೇನಿನವರಿಗೆ, 1813ರಲ್ಲಿ ಅಮೆರಿಕನ್ನರಿಗೆ ದಕ್ಕಿತು.

ಒಳನಾಡು ಮಾತ್ರ ಕ್ರೀಕ್, ಚೆರೋಕಿ, ಚಾಕ್ಟಾ, ಚಿಕಸಾ ಜನರದಾಗಿಯೇ ಇತ್ತು. 1813ರಲ್ಲಿ ಕ್ರೀಕ್ ಜನರಲ್ಲೇ ಎರಡು ಬಣಗಳಾಗಿ ಜಗಳ ಹೊತ್ತಿಕೊಂಡಿತು. ಆಂಡ್ರೂ ಜಾಕ್ಸನ್ ತನ್ನ ಸೈನ್ಯದೊಂದಿಗೆ ನಡುವೆ ನುಗ್ಗಿದ. 1814ರ ಮಾರ್ಚ್ 27ರಂದು ಟಲಪೂಸಾ ನದಿಯ ಕುದುರೆ ಲಾಳದಂಥ ತಿರುವಿನಲ್ಲಿ 800ಕ್ಕೂ ಹೆಚ್ಚು ಕ್ರೀಕ್ ಯೋಧರು ಸತ್ತರು. ಚೆರೋಕಿಗಳೂ ಇನ್ನೊಂದು ಬಣದ ಕ್ರೀಕರೂ ಅಂದು ಜಾಕ್ಸನ್ ಪರವಾಗಿ ಹೋರಾಡಿದ್ದರು. ಯುದ್ಧ ಮುಗಿದು ಒಪ್ಪಂದಕ್ಕೆ ಕೂತಾಗ ಜಾಕ್ಸನ್ ಸೋತವರ ನೆಲವನ್ನೂ ಕೇಳಿದ, ಜೊತೆಗೆ ನಿಂತವರ ನೆಲವನ್ನೂ ಕೇಳಿದ. ಒಟ್ಟು ಎರಡು ಕೋಟಿ ಎಕರೆಗೂ ಹೆಚ್ಚು ಭೂಮಿ ಕೈ ಬದಲಾಯಿಸಿತು. ಅದೇ ಜಾಕ್ಸನ್ ಮುಂದೆ ದೇಶದ ಅಧ್ಯಕ್ಷನಾಗಿ 1830ರಲ್ಲಿ ಮೂಲನಿವಾಸಿಗಳನ್ನು ಎಬ್ಬಿಸುವ ಕಾಯ್ದೆಗೆ ಸಹಿ ಹಾಕಿದ. ಕ್ರೀಕರನ್ನೂ ಚೆರೋಕಿಗಳನ್ನೂ ಮಿಸಿಸಿಪ್ಪಿ ನದಿಯಾಚೆಗೆ ಅಟ್ಟಲಾಯಿತು. ದಾರಿಯಲ್ಲೇ ಸತ್ತವರು ಸಾವಿರಾರು. ಒಕ್ಕೂಟ ಸರ್ಕಾರದ ಮಾನ್ಯತೆ ಇರುವ ಒಂದೇ ಒಂದು ಬುಡಕಟ್ಟು, ಪೋರ್ಚ್ ಕ್ರೀಕ್, ಈಗ ರಾಜ್ಯದಲ್ಲಿ ಉಳಿದುಕೊಂಡಿದೆ.

ತೆರವಾದ ನೆಲಕ್ಕೆ ಜನ ಮುಗಿಬಿದ್ದರು. ವರ್ಜಿನಿಯಾ, ಕ್ಯಾರೊಲೈನಾ, ಜಾರ್ಜಿಯಾದ ಹಳೆಯ ಹೊಲಗಳು ಸಾರ ಕಳೆದುಕೊಂಡಿದ್ದವು. ಇಂಗ್ಲೆಂಡಿನ ಗಿರಣಿಗಳಿಗೆ ಎಷ್ಟು ಹತ್ತಿ ಕಳಿಸಿದರೂ ಸಾಲದು. ಆಗಿನವರೇ ಇದನ್ನು ‘ಅಲಬಾಮಾ ಜ್ವರ’ ಎಂದು ಕರೆದರು. ಅಲಬಾಮಾ 1819ರ ಡಿಸೆಂಬರ್ 14ರಂದು ಒಕ್ಕೂಟದ 22ನೇ ರಾಜ್ಯವಾಯಿತು. ಮರುವರ್ಷದ ಜನಗಣತಿಯಲ್ಲಿ 1,27,901 ಇದ್ದ ಜನಸಂಖ್ಯೆ 1830ಕ್ಕೆ 3,09,527 ಆಯಿತು. 1860ರ ಹೊತ್ತಿಗೆ 9,64,201. ಅವರಲ್ಲಿ 4,35,080 ಮಂದಿ ಗುಲಾಮರು.

ಈ ಗುಲಾಮರು ರಾಜ್ಯದ ತುಂಬ ಸಮನಾಗಿ ಹಂಚಿಹೋಗಿರಲಿಲ್ಲ. ಕಪ್ಪು ಮಣ್ಣಿನ ನಡುಮಧ್ಯದ ಡಾಲಸ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ವಿಭಾಗ) ಜನರ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಗುಲಾಮರು. ಉತ್ತರದ ಗುಡ್ಡಗಾಡಿನ ವಿನ್‌ಸ್ಟನ್ ಕೌಂಟಿಯಲ್ಲಿ ನೂರಕ್ಕೆ ಮೂರು ನಾಲ್ಕು ಜನ. ಕಲ್ಲು ನೆಲದಲ್ಲಿ ಮೆಕ್ಕೆಜೋಳ ಬೆಳೆದು ಹಂದಿ ಸಾಕುವ ಬಡ ಬಿಳಿಯರಿಗೆ ಗುಲಾಮರನ್ನು ಕೊಳ್ಳುವ ಶಕ್ತಿಯೂ ಇರಲಿಲ್ಲ, ಅಗತ್ಯವೂ ಇರಲಿಲ್ಲ. 1861ರ ಜನವರಿಯಲ್ಲಿ ಅಲಬಾಮಾ ಒಕ್ಕೂಟ ಬಿಡುವ ನಿರ್ಣಯ ಮಾಡಿದಾಗ ವಿನ್‌ಸ್ಟನ್ನಿನ ಪ್ರತಿನಿಧಿ, ಶಾಲಾ ಮೇಷ್ಟ್ರು ಕ್ರಿಸ್ಟೋಫರ್ ಶೀಟ್ಸ್, ಸಹಿ ಹಾಕಲು ಒಪ್ಪದೆ ಜೈಲು ಸೇರಿದರು. ರಾಜ್ಯ ಒಕ್ಕೂಟ ಬಿಡಬಹುದಾದರೆ ಕೌಂಟಿ ರಾಜ್ಯವನ್ನೂ ಬಿಡಬಹುದಲ್ಲವೇ ಎಂಬ ತರ್ಕ ಆ ಗುಡ್ಡಗಳಲ್ಲಿ ಹುಟ್ಟಿತು. ಉತ್ತರದ ಸೈನ್ಯಕ್ಕೆ ಸೇರಿದ ಅಲಬಾಮಾದ ಅಶ್ವದಳದಲ್ಲಿ ಈ ಕಡೆಯ ಗುಡ್ಡದ ಮಕ್ಕಳೇ ಹೆಚ್ಚು. ಅದೇ ವರ್ಷ ಅಮೆರಿಕದ ಕರಾವಳಿ ಸರ್ವೆ ಇಲಾಖೆ ಗುಲಾಮರ ಪ್ರಮಾಣ ತೋರಿಸುವ ನಕ್ಷೆಯೊಂದನ್ನು ಅಚ್ಚು ಮಾಡಿತ್ತು. ಹೆಚ್ಚು ಗುಲಾಮರಿದ್ದ ಕೌಂಟಿಗೆ ಹೆಚ್ಚು ಕಪ್ಪು ಛಾಯೆ. ಅಬ್ರಹಾಂ ಲಿಂಕನ್ ಮೇಲಿಂದ ಮೇಲೆ ನೋಡುತ್ತಿದ್ದ ಆ ನಕ್ಷೆಯಲ್ಲಿ ಹಳೆಯ ಕಡಲಂಚಿನ ಬಿಲ್ಲು ಸ್ಪಷ್ಟವಾಗಿ ಎದ್ದು ಕಾಣುತ್ತದೆ.

ಅಂತರ್ಯುದ್ಧದ ಬಿಸಿ ಉತ್ತರ ಕರ್ನಾಟಕದ ಹೊಲಗಳಿಗೂ ತಟ್ಟಿತು. ಅಮೆರಿಕದ ಹತ್ತಿಯನ್ನೇ ನೆಚ್ಚಿಕೊಳ್ಳಬಾರದೆಂದು ಈಸ್ಟ್ ಇಂಡಿಯಾ ಕಂಪನಿ 1840ರ ದಶಕದಲ್ಲೇ ಅಮೆರಿಕದ ದಕ್ಷಿಣದಿಂದ ಬೆಳೆಗಾರರನ್ನು ಕರೆತಂದು ಭಾರತದ ಹಲವೆಡೆ ಪ್ರಯೋಗ ಮಾಡಿಸಿತ್ತು. ಬಹಳ ಕಡೆ ಸೋತ ಆ ಪ್ರಯೋಗ ಧಾರವಾಡ ಸೀಮೆಯಲ್ಲಿ ಗೆದ್ದಿತು. ನ್ಯೂ ಆರ್ಲಿಯನ್ಸ್ ತಳಿ ಇಲ್ಲಿನ ಹವೆಗೆ ಒಗ್ಗಿ ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಿಂದಲೇ ಮಾರುಕಟ್ಟೆಯಲ್ಲಿ ಓಡಾಡಿತು. ಉತ್ತರದ ನೌಕಾಪಡೆ ಮೊಬೀಲಿನಂಥ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳು ಭಾರತದ ಕಡೆ ತಿರುಗಿದವು. ಹತ್ತಿಯ ಬೆಲೆ ಗಗನಕ್ಕೇರಿತು, ಕುಮಟಾದ ಬಂದರಿನಿಂದ ಅರಳೆಯ ಅಂಡಿಗೆಗಳು ಮುಂಬಯಿಗೆ ಹೋದವು. 1865ರಲ್ಲಿ ಯುದ್ಧ ನಿಂತ ಕೂಡಲೇ ಬೆಲೆ ಅಷ್ಟೇ ವೇಗವಾಗಿ ಬಿತ್ತು.

ಕೊನೆಯ ಹಡಗು

ಆಫ್ರಿಕಾದಿಂದ ಗುಲಾಮರನ್ನು ತರುವುದನ್ನು ಅಮೆರಿಕ 1808ರಲ್ಲೇ ನಿಷೇಧಿಸಿತ್ತು. ಆದರೂ 1860ರ ಜುಲೈನಲ್ಲಿ, ಯುದ್ಧಕ್ಕೆ ಒಂದು ವರ್ಷವೂ ಉಳಿದಿಲ್ಲದಾಗ, ಕ್ಲೊಟಿಲ್ಡಾ ಎಂಬ ಹಡಗು ಕತ್ತಲಲ್ಲಿ ಮೊಬೀಲ್ ಕೊಲ್ಲಿಯನ್ನು ಹೊಕ್ಕಿತು. ಒಳಗಿದ್ದವರು ಈಗಿನ ಬೆನಿನ್ ದೇಶದ ಕರಾವಳಿಯಲ್ಲಿ ಖರೀದಿಸಿದ ಸುಮಾರು 110 ಮಂದಿ. ಹೀಗೆ ತಂದು ತೋರಿಸುತ್ತೇನೆಂದು ಟಿಮತಿ ಮೇಹರ್ ಎಂಬ ಸಿರಿವಂತ ಪಂಥ ಕಟ್ಟಿದ್ದನೆಂದು ಹೇಳುತ್ತಾರೆ. ಜನರನ್ನು ಇಳಿಸಿದ ಮೇಲೆ ಸಾಕ್ಷಿ ಉಳಿಯಬಾರದೆಂದು ಹಡಗಿಗೇ ಬೆಂಕಿ ಇಟ್ಟು ನದಿಯಲ್ಲಿ ಮುಳುಗಿಸಿದರು.

ಐದು ವರ್ಷಗಳಲ್ಲಿ ಗುಲಾಮಗಿರಿ ಕೊನೆಗೊಂಡಿತು. ಹಡಗಿನಲ್ಲಿ ಬಂದವರಿಗೆ ಊರಿಗೆ ಮರಳಲು ಹಣವಿರಲಿಲ್ಲ. ಕೂಲಿ ಮಾಡಿ ದುಡ್ಡು ಕೂಡಿಸಿ, ತಮ್ಮನ್ನು ತರಿಸಿದ ಒಡೆಯನಿಂದಲೇ ನೆಲ ಕೊಂಡು, ಮೊಬೀಲಿನ ಅಂಚಿನಲ್ಲಿ ಆಫ್ರಿಕಾಟೌನ್ ಎಂಬ ಊರು ಕಟ್ಟಿದರು. ತಮ್ಮ ಮಾತನ್ನೇ ಆಡಿಕೊಂಡರು, ತಮ್ಮಲ್ಲೇ ಹಿರಿಯರನ್ನು ಆರಿಸಿಕೊಂಡರು. ಅವರಲ್ಲಿ ದೀರ್ಘಕಾಲ ಬದುಕಿದ ಕಜೋ ಲೂಯಿಸ್ ಸತ್ತದ್ದು 1935ರಲ್ಲಿ. ಅಲಬಾಮಾದಲ್ಲೇ ಹುಟ್ಟಿದ ಲೇಖಕಿ ಜೋರಾ ನೀಲ್ ಹರ್ಸ್ಟನ್ 1920ರ ದಶಕದಲ್ಲಿ ಅವರ ಮುಂದೆ ಕೂತು ಕಥೆ ಕೇಳಿ ಬರೆದ ಪುಸ್ತಕ ಅಚ್ಚಾಗಲು 2018 ಬರಬೇಕಾಯಿತು. ಮರುವರ್ಷ ನದಿಯ ಕೆಸರಿನಲ್ಲಿ ಹಡಗಿನ ಅವಶೇಷವೂ ಪತ್ತೆಯಾಯಿತು. ಸುಟ್ಟ ಗುರುತಿನ ಸಮೇತ.

ಕೆಂಪು ಬೆಟ್ಟ, ಕರಿ ಕಲ್ಲಿದ್ದಲು

ಅಂತರ್ಯುದ್ಧಕ್ಕೆ ಮುಂಚೆ ಬರ್ಮಿಂಗ್‌ಹ್ಯಾಮ್ ಎಂಬ ಊರೇ ಇರಲಿಲ್ಲ. 1871ರಲ್ಲಿ ಎರಡು ರೈಲು ಹಳಿಗಳು ಸಂಧಿಸುವ ಜಾಗದಲ್ಲಿ, ಮೆಕ್ಕೆಜೋಳದ ಹೊಲಗಳ ನಡುವೆ, ಲೆಕ್ಕಾಚಾರ ಹಾಕಿಯೇ ಅದನ್ನು ಸ್ಥಾಪಿಸಿದರು. ಕಬ್ಬಿಣ ಮಾಡಲು ಬೇಕಾದ್ದು ಅದಿರು, ಕಲ್ಲಿದ್ದಲು, ಸುಣ್ಣದ ಕಲ್ಲು. ಪ್ರಪಂಚದ ಬಹಳ ಕಡೆ ಒಂದಿದ್ದರೆ ಇನ್ನೊಂದನ್ನು ನೂರಾರು ಮೈಲಿ ಹೊತ್ತು ತರಬೇಕು. ಇಲ್ಲಿ ಮೂರೂ ಒಂದೇ ಕಣಿವೆಯ ಆಸುಪಾಸಿನಲ್ಲಿದ್ದವು. ರೆಡ್ ಮೌಂಟನ್ ಎಂಬ ಬೆಟ್ಟ ತನ್ನ ಬಣ್ಣವನ್ನು ಪಡೆದದ್ದೇ ಅದಿರಿನಿಂದ. 1880ರಲ್ಲಿ ಸುಮಾರು 3,000 ಜನರಿದ್ದ ಊರು 1910ಕ್ಕೆ 1,32,000 ದಾಟಿತು. ಮಾಂತ್ರಿಕ ನಗರ ಎಂಬ ಅಡ್ಡಹೆಸರು ಬಂತು. 1904ರ ಸೇಂಟ್ ಲೂಯಿಸ್ ವಿಶ್ವಮೇಳಕ್ಕೆ ಊರಿನವರು ಅಗ್ನಿದೇವ ವಲ್ಕನ್ನನ ವಿಗ್ರಹವನ್ನು ಸ್ಥಳೀಯ ಕಬ್ಬಿಣದಲ್ಲೇ ಎರಕ ಹೊಯ್ದು ಕಳಿಸಿದರು. 56 ಅಡಿ ಎತ್ತರದ ಆ ವಿಗ್ರಹ ಈಗ ಅದಿರಿನ ಬೆಟ್ಟದ ಮೇಲೇ ನಿಂತು ನಗರವನ್ನು ನೋಡುತ್ತಿದೆ.

ಮಾಂತ್ರಿಕತೆಯ ಹಿಂದೆ ಅಗ್ಗದ ದುಡಿಮೆ ಇತ್ತು. ಕೈದಿಗಳನ್ನು ಗಣಿ ಕಂಪನಿಗಳಿಗೆ ಬಾಡಿಗೆಗೆ ಕೊಡುವ ಪದ್ಧತಿಯನ್ನು ಅಲಬಾಮಾ 1928ರವರೆಗೂ ಬಿಡಲಿಲ್ಲ. ಅಮೆರಿಕದಲ್ಲಿ ಕೊನೆಯದಾಗಿ ಬಿಟ್ಟ ರಾಜ್ಯ ಅದು. ಕೆಲಸವಿಲ್ಲದೆ ಅಲೆಯುತ್ತಿದ್ದ ಎಂಬ ನೆಪ ಸಾಕಿತ್ತು, ಕರಿಯ ಯುವಕನನ್ನು ಹಿಡಿದು ದಂಡ ಹಾಕಿ, ಕಟ್ಟಲಾಗದಿದ್ದರೆ ಗಣಿಗೆ ತಳ್ಳಲು. 1911ರಲ್ಲಿ ಬ್ಯಾನರ್ ಗಣಿಯಲ್ಲಿ ಸ್ಫೋಟವಾಗಿ 128 ಮಂದಿ ಸತ್ತಾಗ ಅವರಲ್ಲಿ ಬಹುಪಾಲು ಇಂಥ ಕೈದಿಗಳೇ.

1901ರಲ್ಲಿ ಹೊಸ ರಾಜ್ಯ ಸಂವಿಧಾನ ಬಂತು. ಮತ ಹಾಕಬೇಕಾದರೆ ತೆರಿಗೆ ಕಟ್ಟಬೇಕು, ಓದು ಬರಹದ ಪರೀಕ್ಷೆ ಪಾಸಾಗಬೇಕು ಇಲ್ಲವೆ ಆಸ್ತಿ ಇರಬೇಕು. ಪರೀಕ್ಷೆ ಮಾಡುವವರು ಬಿಳಿಯ ಅಧಿಕಾರಿಗಳು. 1900ರಲ್ಲಿ ಮತಕ್ಕೆ ಅರ್ಹರಾಗಿದ್ದ ಕರಿಯ ಗಂಡಸರು 1,80,000ಕ್ಕೂ ಹೆಚ್ಚು. 1903ರ ಹೊತ್ತಿಗೆ ಪಟ್ಟಿಯಲ್ಲಿ ಉಳಿದವರು 3,000ಕ್ಕೂ ಕಡಿಮೆ. ತೆರಿಗೆಯ ಏಟು ಬಡ ಬಿಳಿಯರಿಗೂ ಬಿತ್ತು. ಅಧಿಕಾರವನ್ನೆಲ್ಲ ಮಾಂಟ್ಗಮರಿಯಲ್ಲೇ ಹಿಡಿದಿಟ್ಟ ಈ ಸಂವಿಧಾನದಡಿ ಒಂದು ಕೌಂಟಿಯ ಸಣ್ಣ ತೀರ್ಮಾನಕ್ಕೂ ತಿದ್ದುಪಡಿ ಬೇಕಾಗುತ್ತಿತ್ತು. ತಿದ್ದುಪಡಿಗಳ ಸಂಖ್ಯೆ 900 ದಾಟಿ, ಅದು ಭಾರತದ ಸಂವಿಧಾನಕ್ಕಿಂತಲೂ ಬಹಳ ಉದ್ದವಾಯಿತು. ಜನಾಂಗಭೇದದ ಸಾಲುಗಳನ್ನು ತೆಗೆದುಹಾಕಿ ಮರುಜೋಡಿಸಿದ ಪಠ್ಯಕ್ಕೆ ಮತದಾರರು ಒಪ್ಪಿಗೆ ಕೊಟ್ಟದ್ದು 2022ರಲ್ಲಿ.

ಹುಳುವಿಗೊಂದು ಸ್ಮಾರಕ

ಗುಲಾಮಗಿರಿ ಹೋದರೂ ಕಪ್ಪು ಮಣ್ಣಿನ ಮೇಲೆ ಹತ್ತಿ ಹೋಗಲಿಲ್ಲ. ನೆಲ ಒಡೆಯನದು, ಬೀಜ ಗೊಬ್ಬರ ಸಾಲದ್ದು, ಫಸಲಿನಲ್ಲಿ ಪಾಲು. ವರ್ಷದ ಕೊನೆಗೆ ಲೆಕ್ಕ ನೋಡಿದರೆ ರೈತ ಇನ್ನೂ ಸಾಲದಲ್ಲಿ. ಬುಕರ್ ಟಿ. ವಾಷಿಂಗ್ಟನ್ 1881ರಲ್ಲಿ ಟಸ್ಕೀಗಿಯಲ್ಲಿ ಕಟ್ಟಿದ ಕರಿಯರ ಶಾಲೆಗೆ 1896ರಲ್ಲಿ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಬಂದರು. ಗುಲಾಮ ತಾಯಿಯ ಮಗ ಅವರು. ಹತ್ತಿಯ ಮೇಲೆ ಹತ್ತಿ ಬಿತ್ತಿ ನೆಲ ಬರಿದಾಗಿತ್ತು. ಶೇಂಗಾ, ಅಲಸಂದೆಯಂಥ ಬೆಳೆಗಳು ಮಣ್ಣಿಗೆ ಸಾರಜನಕ ಮರಳಿಸುತ್ತವೆ, ಮನೆಯವರ ಹೊಟ್ಟೆಯನ್ನೂ ತುಂಬಿಸುತ್ತವೆ ಎಂದು ಅವರು ಹೇಳುತ್ತ ಬಂದರು. ಶಾಲೆಗೆ ಬರಲಾರದ ರೈತರಿಗಾಗಿ 1906ರಿಂದ ಕುದುರೆ ಬಂಡಿಯಲ್ಲೇ ಉಪಕರಣ, ಬೀಜ ಹೇರಿ ಹಳ್ಳಿಗೆ ಕಳಿಸಿದರು.

ಅಷ್ಟರಲ್ಲಿ ಹತ್ತಿಕಾಯಿ ಕೊರೆಯುವ ಬೋಲ್ ವೀವಿಲ್ ಎಂಬ ಮೂತಿಹುಳು ಮೆಕ್ಸಿಕೊ ಕಡೆಯಿಂದ ಟೆಕ್ಸಾಸ್ ದಾಟಿ 1910ರಲ್ಲಿ ಅಲಬಾಮಾ ತಲುಪಿತು. ಕೆಲವೇ ವರ್ಷಗಳಲ್ಲಿ ಫಸಲು ನೆಲಕಚ್ಚಿತು. ಆಗ್ನೇಯ ಮೂಲೆಯ ಕಾಫಿ ಕೌಂಟಿಯ ರೈತರು ಬೇರೆ ದಾರಿ ಕಾಣದೆ ಶೇಂಗಾಕ್ಕೆ ಹೊರಳಿದರು. ಹೊರಳಿದ್ದೇ ಕೈ ತುಂಬ ದುಡ್ಡು. ಎಂಟರ್‌ಪ್ರೈಸ್ ಎಂಬ ಅಲ್ಲಿನ ಪಟ್ಟಣದವರು 1919ರ ಡಿಸೆಂಬರ್‌ನಲ್ಲಿ ನಡು ಬೀದಿಯಲ್ಲಿ ಆ ಹುಳುವಿಗೆ ಕೃತಜ್ಞತೆಯ ಸ್ಮಾರಕ ನಿಲ್ಲಿಸಿದರು. ಮೊದಲು ಬರೀ ಒಬ್ಬ ಸ್ತ್ರೀಯ ವಿಗ್ರಹವಿತ್ತು. ಆಕೆ ಎತ್ತಿ ಹಿಡಿದ ಕೈಗಳಲ್ಲಿ ದೊಡ್ಡದೊಂದು ಹುಳುವನ್ನು ಕೂರಿಸಿದ್ದು 1949ರಲ್ಲಿ. ಅತ್ತ ಕಪ್ಪು ಮಣ್ಣಿನ ಸೀಮೆಯ ಕೂಲಿಗಳು ಶಿಕಾಗೊ, ಡೆಟ್ರಾಯಿಟ್ ರೈಲು ಹತ್ತಿದರು. ಹತ್ತಿಯ ಹೊಲಗಳಲ್ಲಿ ಇಂದು ಹೆಚ್ಚಾಗಿ ಕಾಣುವುದು ಹುಲ್ಲುಗಾವಲು, ಪೈನ್ ತೋಪು, ಮೀನಿನ ಹೊಂಡ. ನೀರು ಬಿಡದ ಜೇಡಿಮಣ್ಣು ಕ್ಯಾಟ್‌ಫಿಶ್ ಸಾಕಣೆಗೆ ಹೇಳಿಮಾಡಿಸಿದಂತಿದೆ.

ಹೆದ್ದಾರಿ 80

ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯ ಪ್ರಯಾಣಿಕನಿಗೆ ಸೀಟು ಬಿಡದೆ ಬಂಧನಕ್ಕೊಳಗಾದ ಮೇಲೆ ಮಾಂಟ್ಗಮರಿಯ ಕರಿಯರು 381 ದಿನ ಬಸ್ ಹತ್ತಲಿಲ್ಲ. 1963ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಶಾಲಾ ಮಕ್ಕಳ ಮೆರವಣಿಗೆಯ ಮೇಲೆ ಪೊಲೀಸರು ನಾಯಿ ಛೂ ಬಿಟ್ಟು, ಬೆಂಕಿ ನಂದಿಸುವ ಕೊಳವೆಯ ನೀರು ಹಾಯಿಸಿದರು; ಆ ಸೆಪ್ಟೆಂಬರ್ 15ರ ಭಾನುವಾರ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಹುಡುಗಿಯರು ಸತ್ತರು. ಈ ಕಥೆಗಳು ಜಗತ್ತಿಗೆ ಗೊತ್ತು. ಹಳ್ಳಿಗಾಡಿನ ಕಥೆ ಅಷ್ಟು ಗೊತ್ತಿಲ್ಲ.

ಸೆಲ್ಮಾದಿಂದ ಮಾಂಟ್ಗಮರಿಗೆ 87 ಕಿಲೋಮೀಟರ್. 1965ರ ಮಾರ್ಚ್ 7ರಂದು ಹೊರಟ ಮೆರವಣಿಗೆಯನ್ನು ಅಲಬಾಮಾ ನದಿಯ ಎಡ್ಮಂಡ್ ಪೆಟಸ್ ಸೇತುವೆ ದಾಟಿದ ಕೂಡಲೇ ಪೊಲೀಸರು ಲಾಠಿ, ಅಶ್ರುವಾಯುಗಳಿಂದ ಚದುರಿಸಿದರು. ಟಿವಿಯಲ್ಲಿ ದೇಶವೆಲ್ಲ ಅದನ್ನು ನೋಡಿತು. ಎರಡು ವಾರದ ಬಳಿಕ ನ್ಯಾಯಾಲಯದ ರಕ್ಷಣೆಯಲ್ಲಿ ಮತ್ತೆ ಹೊರಟರು. ಹೆದ್ದಾರಿ 80 ನಡುವೆ ಲೌಂಡ್ಸ್ ಕೌಂಟಿಯನ್ನು ಹಾಯುತ್ತದೆ. ಅಲ್ಲಿ ರಸ್ತೆ ಕಿರಿದಾದ್ದರಿಂದ 300 ಮಂದಿಗೆ ಮಾತ್ರ ನಡೆಯಲು ಅನುಮತಿ. ಮೂರನೆಯ ರಾತ್ರಿ ಅವರು ಮಳೆಗೆ ಕೆಸರೆದ್ದ ಹೊಲದಲ್ಲಿ ಹುಲ್ಲು ಹಾಸಿಕೊಂಡು ಮಲಗಿದರು.

ಲೌಂಡ್ಸ್‌ನಲ್ಲಿ ಐವರಲ್ಲಿ ನಾಲ್ವರು ಕರಿಯರು. 1965ರ ಆರಂಭದಲ್ಲಿ ಮತದಾರರ ಪಟ್ಟಿಯಲ್ಲಿದ್ದ ಕರಿಯರ ಸಂಖ್ಯೆ ಸೊನ್ನೆ. ಆಗಸ್ಟ್ 6ರಂದು ಮತದಾನ ಹಕ್ಕು ಕಾಯ್ದೆ ಜಾರಿಗೆ ಬಂದು, ಜನ ಹೆಸರು ಬರೆಸಲು ಹೋದಾಗ ಭೂಮಾಲೀಕರು ಪಾಲಿನ ರೈತರನ್ನು ಹೊಲದಿಂದ ಎಬ್ಬಿಸಿದರು. ನೆಲೆ ಕಳೆದುಕೊಂಡ ಕುಟುಂಬಗಳು ಹೆದ್ದಾರಿಯ ಪಕ್ಕ ಡೇರೆ ಹಾಕಿ ಸುಮಾರು ಎರಡು ವರ್ಷ ಕಳೆದವು. ಆ ಜನ ಕಟ್ಟಿದ ಸ್ಥಳೀಯ ಪಕ್ಷದ ಗುರುತು ಕರಿ ಚಿರತೆ. ಮುಂದೆ ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಆ ಚಿತ್ರವನ್ನು ಇಲ್ಲಿಂದಲೇ ತೆಗೆದುಕೊಂಡಿತು.

ನೆರೆಯ ವಿಲ್‌ಕಾಕ್ಸ್ ಕೌಂಟಿಯಲ್ಲಿ ಅಲಬಾಮಾ ನದಿ ಮೂರು ಕಡೆ ಸುತ್ತುವರಿದ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ನದಿಯಾಚೆಯ ಕ್ಯಾಮ್ಡೆನ್ ಪಟ್ಟಣಕ್ಕೆ ಹೋಗಿ ಮತದಾರರಾಗಲು ಹಳ್ಳಿಯವರು ಹೊರಟದ್ದರಿಂದ 1962ರಲ್ಲಿ ಕಡವು ನಿಂತುಹೋಯಿತು. ಎದುರಿಗೆ ಕಾಣುವ ಊರಿಗೆ ರಸ್ತೆಯಲ್ಲಿ ಒಂದು ತಾಸಿನ ಸುತ್ತು. ದೋಣಿ ಮತ್ತೆ ಬಂದದ್ದು 2006ರಲ್ಲಿ. ಈ ಹಳ್ಳಿಯ ಹೆಂಗಸರು ಹರಿದ ಕೆಲಸದ ಬಟ್ಟೆ, ಗೋಧಿ ಹಿಟ್ಟಿನ ಚೀಲಗಳನ್ನು ಜೋಡಿಸಿ ಹೊಲಿದ ಕೌದಿಗಳು ಇಂದು ಅಮೆರಿಕದ ದೊಡ್ಡ ದೊಡ್ಡ ಕಲಾ ಸಂಗ್ರಹಾಲಯಗಳ ಗೋಡೆಯ ಮೇಲಿವೆ. ಚಳಿಗೆ ಹೊದೆಯಲು ಹೊಲಿದವು ಅವು. ಹಲವರ ಮನೆತನದ ಹೆಸರು ಪೆಟ್‌ವೇ, ಅದು ಹಿಂದಿನ ಗುಲಾಮರ ಒಡೆಯನ ಹೆಸರು.

ನದಿ, ಹಾಡು, ರಾಕೆಟ್

ನದಿಗಳ ವಿಷಯದಲ್ಲಿ ಅಲಬಾಮಾ ಸಿರಿವಂತ. ಸಿಹಿನೀರಿನ ಮೀನು, ಕಪ್ಪೆಚಿಪ್ಪು, ಬಸವನಹುಳು, ಆಮೆಗಳ ವೈವಿಧ್ಯದಲ್ಲಿ ಅಮೆರಿಕದ ಯಾವ ರಾಜ್ಯವೂ ಇದಕ್ಕೆ ಸಾಟಿಯಿಲ್ಲ. ಮೀನಿನ ಜಾತಿಗಳೇ ಮುನ್ನೂರಕ್ಕೂ ಹೆಚ್ಚು. ಹಿಮಯುಗದ ನೀರ್ಗಲ್ಲು ಇಲ್ಲಿಯವರೆಗೆ ಬರಲಿಲ್ಲ, ಮಳೆ ಧಾರಾಳ, ನೆಲದ ಬಗೆಯೂ ಹಲವು. ಕಳಕೊಂಡದ್ದೂ ದೊಡ್ಡದೇ. ಕೂಸಾ ನದಿಗೆ 20ನೇ ಶತಮಾನದಲ್ಲಿ ಸಾಲಾಗಿ ಅಣೆಕಟ್ಟು ಕಟ್ಟಿದಾಗ ಹರಿವ ನೀರನ್ನೇ ನೆಚ್ಚಿದ್ದ ಮೂವತ್ತಕ್ಕೂ ಹೆಚ್ಚು ಜಾತಿಯ ಬಸವನಹುಳುಗಳು ಭೂಮಿಯ ಮೇಲಿಂದಲೇ ಅಳಿದವು.

ಉತ್ತರದ ಟೆನೆಸಿ ನದಿಯ ಮಸಲ್ ಶೋಲ್ಸ್‌ನಲ್ಲಿ 1924ರಲ್ಲಿ ವಿಲ್ಸನ್ ಅಣೆಕಟ್ಟು ಮುಗಿಯಿತು. 1933ರಲ್ಲಿ ಹುಟ್ಟಿದ ಟೆನೆಸಿ ಕಣಿವೆ ಪ್ರಾಧಿಕಾರ ಅದನ್ನು ವಹಿಸಿಕೊಂಡು ಕತ್ತಲ ಹಳ್ಳಿಗಳಿಗೆ ವಿದ್ಯುತ್ ಕೊಟ್ಟಿತು. ನಮ್ಮ ದಾಮೋದರ ಕಣಿವೆ ನಿಗಮಕ್ಕೆ ಮಾದರಿ ಇದೇ. ಅದೇ ಊರಿನ ಆಸುಪಾಸಿನ ಸಣ್ಣ ಸ್ಟುಡಿಯೊಗಳಲ್ಲಿ 1960ರ ದಶಕದಲ್ಲಿ ಸ್ಥಳೀಯ ಬಿಳಿಯ ಹುಡುಗರು ಕರಿಯ ಗಾಯಕರ ಹಿಂದೆ ಕೂತು ವಾದ್ಯ ನುಡಿಸಿದರು. ಅರೀಥಾ ಫ್ರಾಂಕ್ಲಿನ್ 1967ರಲ್ಲಿ, ರೋಲಿಂಗ್ ಸ್ಟೋನ್ಸ್ ತಂಡ 1969ರಲ್ಲಿ ಇಲ್ಲಿಗೆ ಹುಡುಕಿಕೊಂಡು ಬಂದರು.

ಸ್ವಲ್ಪ ಪೂರ್ವಕ್ಕಿರುವ ಹಂಟ್ಸ್‌ವಿಲ್ ಹತ್ತಿಗಿರಣಿಯ ಊರಾಗಿತ್ತು. 1950ರಲ್ಲಿ ಸೈನ್ಯ ಅಲ್ಲಿಗೆ ಜರ್ಮನಿಯ ರಾಕೆಟ್ ತಜ್ಞ ವರ್ನರ್ ಫಾನ್ ಬ್ರೌನ್ ಮತ್ತು ಅವರ ತಂಡವನ್ನು ಕರೆತಂದಿತು. ಹಿಟ್ಲರನಿಗಾಗಿ ಸೆರೆಶಿಬಿರದ ಕೈದಿಗಳ ದುಡಿಮೆಯಿಂದ ಕ್ಷಿಪಣಿ ತಯಾರಿಸಿದ್ದ ಅದೇ ತಂಡ. 1960ರಲ್ಲಿ ನಾಸಾದ ಮಾರ್ಷಲ್ ಕೇಂದ್ರ ಶುರುವಾಯಿತು. ಮನುಷ್ಯರನ್ನು ಚಂದ್ರನಿಗೆ ಕಳಿಸಿದ ಸ್ಯಾಟರ್ನ್ 5 ರಾಕೆಟ್ ರೂಪುಗೊಂಡದ್ದು ಅಲ್ಲಿ. 2020ರ ಗಣತಿಯಲ್ಲಿ ಹಂಟ್ಸ್‌ವಿಲ್ 2,15,006 ಜನರೊಂದಿಗೆ ಬರ್ಮಿಂಗ್‌ಹ್ಯಾಮನ್ನು ಹಿಂದಿಕ್ಕಿ ರಾಜ್ಯದ ಅತಿ ದೊಡ್ಡ ನಗರವಾಯಿತು. ಉಕ್ಕಿನ ಕುಲುಮೆಗಳು ಆರಿದ ಮೇಲೆ ಮರ್ಸಿಡಿಸ್, ಹೋಂಡಾ, ಹ್ಯುಂಡೈ ಕಾರ್ಖಾನೆಗಳು ಬಂದವು. ಮೊಬೀಲಿನಲ್ಲಿ ಏರ್‌ಬಸ್ ವಿಮಾನಗಳ ಜೋಡಣೆ ನಡೆಯುತ್ತದೆ.

ಇಂಗದ ನೀರು

ಈ ಹೊಸ ಹಣ ಕಪ್ಪು ಮಣ್ಣಿನ ಸೀಮೆಗೆ ಹೆಚ್ಚು ಹರಿಯಲಿಲ್ಲ. ಆ ಪಟ್ಟಿಯ ಮತದಾರರು ಯಾರಿಗೆ ಮತ ಹಾಕುತ್ತಾರೆಂಬುದನ್ನು ಅಧ್ಯಕ್ಷೀಯ ಚುನಾವಣೆಯ ನಕ್ಷೆಗಳು ತೋರಿಸುತ್ತವೆ: ಸುತ್ತ ರಿಪಬ್ಲಿಕನ್ನರ ಕೆಂಪು, ನಡುವೆ ಡೆಮಾಕ್ರಟರ ನೀಲಿ ಬಿಲ್ಲು. ಅವರ ಮತಕ್ಕೆ ಎಷ್ಟು ತೂಕ ಎಂಬುದು ನ್ಯಾಯಾಲಯದ ಮೆಟ್ಟಿಲನ್ನು ಮತ್ತೆ ಮತ್ತೆ ಏರಿದೆ. 2013ರಲ್ಲಿ ಅಲಬಾಮಾದ ಶೆಲ್ಬಿ ಕೌಂಟಿ ಹೂಡಿದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟ್ 1965ರ ಕಾಯ್ದೆಯ ಒಂದು ಮುಖ್ಯ ಕಾವಲನ್ನು ಕಿತ್ತುಹಾಕಿತು. ರಾಜ್ಯದ ಜನರಲ್ಲಿ ಕಾಲು ಭಾಗಕ್ಕೂ ಹೆಚ್ಚು ಕರಿಯರಿದ್ದರೂ ಅಮೆರಿಕದ ಸಂಸತ್ತಿಗೆ ಪ್ರತಿನಿಧಿಗಳನ್ನು ಆರಿಸುವ ಏಳು ಕ್ಷೇತ್ರಗಳಲ್ಲಿ ಒಂದರಲ್ಲಿ ಮಾತ್ರ ಅವರ ಬಹುಮತವಿತ್ತು. ಇದು ಸರಿಯಲ್ಲವೆಂದು 2023ರಲ್ಲಿ ಅದೇ ಕೋರ್ಟ್ ಹೇಳಿತು. ಕ್ಷೇತ್ರದ ಗಡಿ ಬದಲಾಗಿ, ಮೊಬೀಲಿನಿಂದ ಕಪ್ಪು ಮಣ್ಣಿನ ಸೀಮೆಯ ಮೂಲಕ ಜಾರ್ಜಿಯಾ ಗಡಿಯವರೆಗೆ ಹಬ್ಬಿದ ಹೊಸ ಕ್ಷೇತ್ರದಿಂದ 2024ರಲ್ಲಿ ಡೆಮಾಕ್ರಟರ ಅಭ್ಯರ್ಥಿ ಶೊಮಾರಿ ಫಿಗರ್ಸ್ ಗೆದ್ದರು.

ಲೌಂಡ್ಸ್ ಕೌಂಟಿಯಲ್ಲಿ ತುರ್ತಾದ ತೊಂದರೆ ಬೇರೆಯೇ ಇದೆ. ಹಳ್ಳಿಗಳಿಗೆ ಒಳಚರಂಡಿ ಇಲ್ಲ, ಮನೆಮನೆಗೆ ಸೆಪ್ಟಿಕ್ ಟ್ಯಾಂಕ್ ಹಾಕಬೇಕು. ಅದಕ್ಕೆ ನೀರು ನೆಲದಲ್ಲಿ ಇಂಗಬೇಕು. ಕಪ್ಪು ಜೇಡಿಯಲ್ಲಿ, ಅದರ ಕೆಳಗಿನ ಸುಣ್ಣದ ಬಂಡೆಯಲ್ಲಿ ನೀರು ಇಂಗುವುದಿಲ್ಲ. ಮಳೆ ಬಂದರೆ ಹೊಲಸು ನೀರು ಬಚ್ಚಲಿನಿಂದ ಮನೆಯೊಳಕ್ಕೇ ಉಕ್ಕುತ್ತದೆ. ಈ ಮಣ್ಣಿಗೆ ಹೊಂದುವ ವ್ಯವಸ್ಥೆಯ ಬೆಲೆ ಎಷ್ಟೋ ಮನೆಗಳ ವರ್ಷದ ಆದಾಯಕ್ಕೆ ಹತ್ತಿರ. ಹಾಗಾಗಿ ಅನೇಕರು ಪೈಪ್ ಎಳೆದು ಹಿತ್ತಲಿಗೆ ಬಿಡುತ್ತಾರೆ. ಇದೇ ಕೌಂಟಿಯಲ್ಲಿ ಬೆಳೆದ ಕ್ಯಾಥರಿನ್ ಕೋಲ್ಮನ್ ಫ್ಲವರ್ಸ್ ಇದನ್ನು ದೇಶದ ಕಣ್ಣಿಗೆ ತಂದರು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಮೆರಿಕದಲ್ಲಿ ಇಲ್ಲವೆಂದೇ ತಿಳಿದಿದ್ದ ಕೊಕ್ಕೆಹುಳುವಿನ ಸೋಂಕಿನ ಕುರುಹನ್ನು ಇಲ್ಲಿನ ಜನರಲ್ಲಿ ಕಂಡಿತು. ಒಕ್ಕೂಟ ಸರ್ಕಾರದ ನ್ಯಾಯ ಇಲಾಖೆ ತನಿಖೆ ನಡೆಸಿ, 2023ರಲ್ಲಿ ರಾಜ್ಯದ ಆರೋಗ್ಯ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಹೊಲಸು ನೀರು ಬಿಟ್ಟರೆಂದು ಬಡವರ ಮೇಲೆ ಕೇಸು ಹಾಕುವುದು ನಿಲ್ಲಬೇಕು, ಸರಿಪಡಿಸುವ ಯೋಜನೆ ಮಾಡಬೇಕು ಎಂಬುದು ಅದರ ಸಾರ. ವಾಷಿಂಗ್ಟನ್‌ನಲ್ಲಿ ಸರ್ಕಾರ ಬದಲಾದ ಮೇಲೆ 2025ರ ಏಪ್ರಿಲ್‌ನಲ್ಲಿ ಆ ಒಪ್ಪಂದವನ್ನು ರದ್ದು ಮಾಡಲಾಯಿತು.